ನಾಲ್ಕು ಚಕ್ರದ ಮೇಲೆ ನೆರೆಯ ಶಾಲೆಗೆ

ಆದವಾನಿಯ ಪೇಟೆಬೀದಿಯಲ್ಲೋ ಮಂತ್ರಾಲಯದ ಮಠದ ಮುಂದಿನ ರಸ್ತೆಯಲ್ಲೋ ಕೈಯಿಂದ ತಿರುಗಿಸುವ ಮೂರು ಚಕ್ರದ ಬಂಡಿಯನ್ನು ಕಾಣದವರು ನಮ್ಮಲ್ಲಿ ಯಾರೂ ಇರಲಾರರು. ಎದೆಯ ಮಟ್ಟದಲ್ಲಿ ಹಿಡಿಕೆ, ಅಲ್ಲಿಂದ ಮುಂಚಕ್ರಕ್ಕೆ ಇಳಿದ ಚೈನು, ಹಿಂದೆ ಎರಡು ದೊಡ್ಡ ಚಕ್ರ, ನಡುವೆ ಒಂದು ಕುರ್ಚಿ. ಅದರಲ್ಲಿ ಕುಳಿತವರನ್ನು ತುಸು ನಿಂತು ಗಮನಿಸಿದರೆ ಒಂದು ಸಂಗತಿ ಮನವರಿಕೆಯಾಗುತ್ತದೆ. ಅವರಲ್ಲಿ ಹೆಚ್ಚಿನವರು ನಡುವಯಸ್ಸಿನವರು. ಕಾಲು ಸೊರಗಿದ್ದರೂ ತೋಳು, ಹೆಗಲು ಗಟ್ಟಿಯಾಗಿರುವವರು. ಚಿಕ್ಕಂದಿನಲ್ಲಿ ಪೋಲಿಯೊ ಬಡಿದು ಕಾಲಿನ ಬಲ ಕಳೆದುಕೊಂಡ ತಲೆಮಾರು ಅದು.

ಕಾಲಿಗೆ ಬಲವಿಲ್ಲ, ಕೈಗೆ ಇದೆ. ಆದುದರಿಂದ ಕಾಲಿನ ಕೆಲಸವನ್ನು ಕೈಗೆ ವಹಿಸಬೇಕು ಎಂಬುದು ಆ ಬಂಡಿಯ ತರ್ಕ. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪನೆಗೊಂಡ ಕೇಂದ್ರ ಸರ್ಕಾರದ ಕೃತಕ ಅಂಗಾಂಗ ತಯಾರಿಕಾ ನಿಗಮ, ಅಂದರೆ ಅಲಿಮ್ಕೊ, ಇಂಥ ಬಂಡಿಗಳನ್ನು ತಯಾರಿಸಿ ದೇಶಕ್ಕೆಲ್ಲ ಒದಗಿಸಿತು. 1981ರಲ್ಲಿ ಆರಂಭವಾದ ಅಡಿಪ್ ಯೋಜನೆಯು ಅವುಗಳನ್ನು ಬಡವರ ಮನೆಬಾಗಿಲಿಗೆ ತಂದಿತು. ಲಕ್ಷಾಂತರ ಜನ ಆ ಬಂಡಿಯ ಮೇಲೆಯೇ ಕುಳಿತು ಅಂಗಡಿ ನಡೆಸಿದರು, ಮಕ್ಕಳನ್ನು ಓದಿಸಿದರು. ಅದರ ಉಪಕಾರವನ್ನು ಯಾರೂ ಅಲ್ಲಗಳೆಯಲಾಗದು.

ಆದರೆ ಕಾಲ ಬದಲಾಗಿದೆ. ನಮ್ಮ ದೇಶದಲ್ಲಿ ನೈಸರ್ಗಿಕ ಪೋಲಿಯೊ ವೈರಾಣುವಿನಿಂದ ಕಾಲು ಸೋತ ಕೊನೆಯ ಮಗು ಪತ್ತೆಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊಮುಕ್ತವೆಂದು ಸಾರಿತು. ಇಂದು ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ಬೆಂಚಿನ ಮೇಲೆ ಕಾಣದ ಮಕ್ಕಳು ಪೋಲಿಯೊ ಪೀಡಿತರಲ್ಲ. ಅವರಲ್ಲಿ ಹೆಚ್ಚಿನವರು ಹೆರಿಗೆಯ ಹೊತ್ತಿನಲ್ಲಿ ಅಥವಾ ಅದರ ಹಿಂದುಮುಂದಿನ ದಿನಗಳಲ್ಲಿ ಮೆದುಳಿಗೆ ಪೆಟ್ಟು ಬಿದ್ದು ಸೆರೆಬ್ರಲ್ ಪಾಲ್ಸಿಗೆ ಒಳಗಾದವರು. ಮೆದುಳಿನ ಪಾರ್ಶ್ವವಾಯು ಎಂದು ಕನ್ನಡದಲ್ಲಿ ಕರೆಯುವ ಈ ಸ್ಥಿತಿ ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಎರಡು ಮೂರು ಮಕ್ಕಳಲ್ಲಿ ಕಂಡುಬರುತ್ತದೆ. ಇನ್ನು ಕೆಲವರು ಬೆನ್ನುಹುರಿಯ ದೋಷದೊಡನೆ ಹುಟ್ಟಿದವರು, ಮತ್ತೆ ಕೆಲವರು ಸ್ನಾಯುಕ್ಷಯದಿಂದ ಬಳಲುವವರು. ಈ ಮಕ್ಕಳ ಪೈಕಿ ಸೆರೆಬ್ರಲ್ ಪಾಲ್ಸಿ ಇರುವವರಿಗೆ ಸಾಮಾನ್ಯವಾಗಿ ಕೈಯೂ ಪೂರ್ತಿ ವಶದಲ್ಲಿರುವುದಿಲ್ಲ. ಮುಂಡ ಒಂದು ಕಡೆಗೆ ವಾಲುತ್ತದೆ, ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುತ್ತವೆ. ಒಂದು ಕೈಯಲ್ಲಿ ತಿರುಗಿಸುತ್ತ ಅದೇ ಕೈಯಲ್ಲಿ ದಿಕ್ಕನ್ನೂ ಬದಲಿಸಬೇಕಾದ ಕೈಬಂಡಿ ಇವರಿಗೆ ಒಗ್ಗುವುದಿಲ್ಲ. ಶಿಬಿರದಲ್ಲಿ ಕೊಟ್ಟದ್ದನ್ನು ಬೇಡವೆನ್ನಲಾಗದೆ ಮನೆಗೆ ತಂದು, ಹಿತ್ತಿಲಲ್ಲಿ ಕೋಳಿಗಳಿಗೆ ಆಸರೆಯಾದ ಬಂಡಿಗಳ ಕಥೆ ಪ್ರತಿ ಮಂಡಲದಲ್ಲೂ ಕೇಳಸಿಗುತ್ತದೆ.

ಹಾಗಾದರೆ ಇಂಥ ಮಗು ಶಾಲೆಗೆ ಹೋಗುವುದು ಹೇಗೆ? ತಾಯಿಯ ಸೊಂಟದ ಮೇಲೆ. ಆರು, ಏಳು ವರ್ಷದವರೆಗೆ ಇದು ನಡೆಯುತ್ತದೆ. ಎಂಟಕ್ಕೆ ಮಗುವಿನ ತೂಕ ಹೆಚ್ಚುತ್ತದೆ, ತಾಯಿಯ ನಡು ಸೋಲುತ್ತದೆ. ನಮ್ಮ ಕೋಸಿಗಿ, ಕೌತಾಳ, ಮಂತ್ರಾಲಯ ಭಾಗದ ಪಾಲಕರಿಗೆ ಇನ್ನೊಂದು ಇಕ್ಕಟ್ಟಿದೆ. ಮಳೆ ಕೈಕೊಟ್ಟ ವರ್ಷ, ಹತ್ತಿ ಬಿಡಿಸಲೋ ಮೆಣಸಿನಕಾಯಿ ಕೊಯ್ಯಲೋ ಗುಂಟೂರಿನ ಕಡೆಗೆ ಊರಿಗೆ ಊರೇ ಗುಳೆ ಹೊರಡುತ್ತದೆ. ನಡೆಯಲಾಗದ ಮಗು ಅಜ್ಜಿಯ ಬಳಿ ಉಳಿಯುತ್ತದೆ. ಅಜ್ಜಿ ಅದಕ್ಕೆ ಉಣಿಸಬಲ್ಲಳು, ತಲೆ ಬಾಚಬಲ್ಲಳು. ಎತ್ತಿಕೊಂಡು ಶಾಲೆಗೆ ಒಯ್ಯಲಾರಳು. ಹೀಗೆ ನಾಲ್ಕು ತಿಂಗಳು ತಪ್ಪಿದ ಶಾಲೆ ಮುಂದಿನ ವರ್ಷವೂ ತಪ್ಪುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ‘ಮನೆಯಾಧಾರಿತ ಶಿಕ್ಷಣ’ ಎಂದು ಬರೆದರೆ ಕಾಗದದ ಮಟ್ಟಿಗೆ ಎಲ್ಲವೂ ಸರಿಯಾಗಿರುತ್ತದೆ.

ಈ ಮಕ್ಕಳಿಗಾಗಿಯೇ ಬೇರೆ ದೇಶಗಳಲ್ಲಿ ಬಳಕೆಗೆ ಬಂದಿರುವುದು ಹೊಂದಿಸಿಕೊಳ್ಳಬಹುದಾದ ಸೈಕಲ್ಲು. ಅದರಲ್ಲಿ ಮೂರು ಚಕ್ರದ್ದೂ ಉಂಟು, ನಾಲ್ಕು ಚಕ್ರದ್ದೂ ಉಂಟು. ಇಲ್ಲಿ ಕೆಲಸ ಮತ್ತೆ ಕಾಲಿಗೆ ಮರಳುತ್ತದೆ. ನಿಂತು ನಡೆಯಲಾರದ ಅನೇಕ ಮಕ್ಕಳು, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ ಪಾದಗಳನ್ನು ಪೆಡಲಿಗೆ ಬಿಗಿದರೆ, ತುಳಿಯಬಲ್ಲರು. ನಡೆಯುವಾಗ ಇಡೀ ದೇಹದ ಭಾರವನ್ನು ಹೊತ್ತು ತೂಕ ಸರಿದೂಗಿಸಬೇಕು. ತುಳಿಯುವಾಗ ಭಾರವನ್ನು ಪೀಠವೇ ಹೊರುತ್ತದೆ, ಕಾಲಿಗೆ ಉಳಿಯುವುದು ತಿರುಗಿಸುವ ಕೆಲಸವೊಂದೇ. ಇದು ಬರಿಯ ಆಸೆಯ ಮಾತಲ್ಲ. ಪ್ಯಾರಾಲಿಂಪಿಕ್ಸ್ ಕ್ರೀಡಾಕೂಟದಲ್ಲಿ 1984ರಲ್ಲಿ ಸೈಕಲ್ ಸ್ಪರ್ಧೆ ಮೊದಲ ಬಾರಿಗೆ ಸೇರ್ಪಡೆಯಾದಾಗ ಅದು ನಡೆದದ್ದು ಸೆರೆಬ್ರಲ್ ಪಾಲ್ಸಿ ಇದ್ದ ಕ್ರೀಡಾಪಟುಗಳಿಗಾಗಿಯೇ. ತೋಳಿನಿಂದ ತಿರುಗಿಸುವ ಕೈಸೈಕಲ್ಲು ಅಲ್ಲಿಗೆ ಬಂದದ್ದು ಇಪ್ಪತ್ತು ವರ್ಷಗಳ ತರುವಾಯ, 2004ರ ಅಥೆನ್ಸ್ ಕೂಟದಲ್ಲಿ.

ನಾಲ್ಕು ಚಕ್ರವೇಕೆ ಎಂದು ಕೇಳಬಹುದು. ಮುಕ್ಕಾಲು ಪೀಠವನ್ನೂ ಮಂಚವನ್ನೂ ನೆನೆದುಕೊಂಡರೆ ಉತ್ತರ ಸುಲಭ. ಮೂರು ಕಾಲಿನ ಪೀಠ ಎಂಥ ಏರುಪೇರಿನ ನೆಲದ ಮೇಲೂ ಅಲುಗಾಡದು. ಆದರೆ ಕಾಲಿಲ್ಲದ ಮೂಲೆಯ ಕಡೆಗೆ ವಾಲಿ ಕುಳಿತರೆ ಕ್ಷಣದಲ್ಲಿ ಮಗುಚುತ್ತದೆ. ನಾಲ್ಕು ಕಾಲಿನ ಮಂಚ ಯಾವ ಮೂಲೆಗೆ ಕುಳಿತರೂ ಮಗುಚುವುದಿಲ್ಲ. ನೆಲ ಸಮನಿಲ್ಲದಿದ್ದರೆ ಮಾತ್ರ ಒಂದು ಕಾಲು ಎದ್ದು ಟಕಟಕ ಎನ್ನುತ್ತದೆ. ಮೂರು ಚಕ್ರದ ಸೈಕಲ್ಲು ವೇಗವಾಗಿ ತಿರುವು ತೆಗೆದುಕೊಂಡಾಗ ಸವಾರನ ಭಾರ ಮುಂಚಕ್ರದ ಪಕ್ಕದ ಖಾಲಿ ಜಾಗದ ಕಡೆಗೆ ಸರಿಯುತ್ತದೆ. ಮುಂಡವನ್ನು ಹಿಡಿತದಲ್ಲಿಟ್ಟುಕೊಳ್ಳಬಲ್ಲವರು ಒಳಮಗ್ಗುಲಿಗೆ ಬಾಗಿ ಅದನ್ನು ಸರಿಪಡಿಸಿಕೊಳ್ಳುತ್ತಾರೆ. ಬಾಗಲಾರದ ಮಗುವಿಗೆ ನಾಲ್ಕನೆಯ ಚಕ್ರ ಬೇಕಾಗುತ್ತದೆ.

ಚಕ್ರ ನಾಲ್ಕಾದೊಡನೆ ಹೊಸ ತೊಡಕೂ ಬರುತ್ತದೆ. ಎತ್ತಿನ ಬಂಡಿಯ ಗಾಲಿಗಳು ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ಆದುದರಿಂದ ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು, ಒಳಗಿನದು ಕಡಿಮೆ ಉರುಳಿದರೂ ತೊಂದರೆಯಿಲ್ಲ. ಪೆಡಲಿನ ಚೈನು ಹಿಂದಿನ ಅಚ್ಚನ್ನೇ ತಿರುಗಿಸುವಾಗ ಎರಡೂ ಚಕ್ರಗಳನ್ನು ಅದಕ್ಕೆ ಬಿಗಿದರೆ, ತಿರುವಿನಲ್ಲಿ ಒಂದು ಚಕ್ರ ನೆಲವನ್ನು ಉಜ್ಜುತ್ತದೆ. ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1877ರಲ್ಲಿ ಇದಕ್ಕೆ ಹಲ್ಲುಚಕ್ರಗಳ ಪರಿಹಾರವನ್ನು ಕಂಡುಕೊಂಡ. ತನ್ನ ಮಗನೊಡನೆ ಅಕ್ಕಪಕ್ಕ ಕುಳಿತು ತುಳಿಯುವ ಬಹುಚಕ್ರದ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ, ಮಗನ ಕಾಲಿನ ಬಲ ಹೆಚ್ಚಾಗಿ ಸೈಕಲ್ಲು ಓರೆಯಾಗಿ ಮುಳ್ಳುಗಿಡಗಳ ಮೇಲೆ ಬಿದ್ದದ್ದೇ ಅದಕ್ಕೆ ಪ್ರೇರಣೆ ಎಂದು ಹೇಳುತ್ತಾರೆ. ಆ ಉಪಾಯದ ಮುಂದಿನ ರೂಪವೇ ಇಂದು ಆದವಾನಿಯ ಹತ್ತಿ ಲಾರಿಗಳ ಹಿಂದಿನ ಅಚ್ಚಿನ ನಡುವೆ ದುಂಡಗೆ ಕಾಣುವ ಡಿಫರೆನ್ಷಿಯಲ್. ಅಗ್ಗದ ಸೈಕಲ್ಲುಗಳಲ್ಲಿ ಅದನ್ನು ಇಡುವುದಿಲ್ಲ. ಎರಡು ಹಿಂಚಕ್ರಗಳಲ್ಲಿ ಒಂದಕ್ಕೆ ಮಾತ್ರ ಚೈನಿನ ಬಲ ಕೊಟ್ಟು, ಇನ್ನೊಂದನ್ನು ಸುಮ್ಮನೆ ಉರುಳಲು ಬಿಡುತ್ತಾರೆ. ಡಾಂಬರು ರಸ್ತೆಯಲ್ಲಿ ಅಷ್ಟು ಸಾಕು. ನಮ್ಮ ಎರೆಭೂಮಿಯಲ್ಲಿ, ಶ್ರಾವಣದ ಮಳೆಗೆ ನೆನೆದ ದಾರಿಯಲ್ಲಿ, ಬಲವಿರುವ ಆ ಒಂದು ಚಕ್ರ ಕೆಸರಿಗೆ ಸಿಕ್ಕರೆ ಅಲ್ಲಿಯೇ ಗಿರಗಿರ ತಿರುಗುತ್ತ ನಿಲ್ಲುತ್ತದೆ. ವಿದೇಶದ ಚಿತ್ರವನ್ನು ನೋಡಿ ಆಸೆಪಡುವ ಪಾಲಕರು ಮೊದಲು ತಮ್ಮ ಓಣಿಯ ನೆಲವನ್ನು ನೋಡಬೇಕು ಎನ್ನುವುದು ಇದಕ್ಕಾಗಿ.

ಚಕ್ರಕ್ಕಿಂತ ಮುಖ್ಯವಾದ ಭಾಗಗಳು ಬೇರೆ ಇವೆ. ಪಾದ ಜಾರದಂತೆ ಹಿಮ್ಮಡಿಗೆ ತಡೆಯಿರುವ, ಪಟ್ಟಿಯಿಂದ ಬಿಗಿಯುವ ಪೆಡಲು. ಸೊಂಟಕ್ಕೂ ಎದೆಗೂ ಬೆಲ್ಟು. ತೊಡೆಗಳು ಕೂಡದಂತೆ ನಡುವೆ ಮೆತ್ತನೆಯ ತಡೆ. ಹಿಂದೆ ಪಾಲಕರು ಹಿಡಿಯುವ ಉದ್ದ ಹಿಡಿಕೆ, ಅದಕ್ಕೊಂದು ಬ್ರೇಕು. ಮಗು ತುಳಿಯುತ್ತಿದ್ದರೆ ದೊಡ್ಡವರು ದಿಕ್ಕನ್ನಷ್ಟೇ ನೋಡಿಕೊಳ್ಳಬಹುದು. ಒಂದು ಕೈ ಮಾತ್ರ ವಶದಲ್ಲಿರುವ ಮಗುವಿಗೆ ಎಲ್ಲ ಬ್ರೇಕುಗಳೂ ಅದೇ ಕೈಗೆ ಸಿಗುವಂತಿರಬೇಕು. ಕೆಲವು ಸೈಕಲ್ಲುಗಳಲ್ಲಿ ಫ್ರೀವೀಲ್ ಇರುವುದಿಲ್ಲ. ಚಕ್ರ ಉರುಳುವವರೆಗೂ ಪೆಡಲು ತಿರುಗುತ್ತಲೇ ಇರುತ್ತದೆ, ಹಿಂದಿನಿಂದ ನೂಕಿದರೂ ಮಗುವಿನ ಕಾಲು ಆಡುತ್ತದೆ. ಇಳಿಜಾರಿನಲ್ಲಿ ಮಾತ್ರ ಇದು ಅಪಾಯಕರ.

ವಿಕಲಚೇತನರು ತಮ್ಮ ವಾಹನಕ್ಕಾಗಿ ಬೇರೆಯವರ ದಯೆಯನ್ನು ಕಾಯುತ್ತ ಕುಳಿತವರೇ ಅಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು. ಜರ್ಮನಿಯ ನ್ಯೂರೆಂಬರ್ಗ್ ಬಳಿಯ ಆಲ್ಟ್‌ಡಾರ್ಫ್ ಎಂಬ ಊರಿನ ಗಡಿಯಾರ ತಯಾರಕ ಸ್ಟೀಫನ್ ಫಾರ್ಫ್ಲರ್ ಕಾಲು ಸೋತವನು. ಅವನು 1655ರಲ್ಲಿ ಗಡಿಯಾರದ ಹಲ್ಲುಚಕ್ರಗಳ ವಿದ್ಯೆಯನ್ನೇ ಬಳಸಿ ತನಗಾಗಿ ಕೈಯಿಂದ ತಿರುಗಿಸುವ ಮೂರು ಚಕ್ರದ ಬಂಡಿಯನ್ನು ಮಾಡಿಕೊಂಡ. ಎರಡು ಚಕ್ರದ ಸೈಕಲ್ಲಿನ ಮೂಲರೂಪವೆನಿಸಿದ ಓಡುಯಂತ್ರವನ್ನು ಕಾರ್ಲ್ ಡ್ರೈಸ್ ಹೊರತಂದದ್ದು 1817ರಲ್ಲಿ. ನಮ್ಮ ನೆರೆಯ ಬೆಂಗಳೂರಿನಲ್ಲಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯನ್ನು 1959ರಲ್ಲಿ ಕಟ್ಟಿದ ಎನ್. ಎಸ್. ಹೇಮಾ ಅವರು ಸ್ವತಃ ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡವರು. ಅದೇ ನಗರದಲ್ಲಿ 1994ರಿಂದ ಕೆಲಸ ಮಾಡುತ್ತಿರುವ ಮೊಬಿಲಿಟಿ ಇಂಡಿಯಾ ಸಂಸ್ಥೆ ಸಹಾಯಕ ಸಾಧನಗಳನ್ನು ಒಬ್ಬೊಬ್ಬರ ಮೈಯಳತೆಗೆ ಹೊಂದಿಸುವುದನ್ನೇ ತನ್ನ ಕಸುಬಾಗಿಸಿಕೊಂಡಿದೆ. ಬಳ್ಳಾರಿಯ ದಾರಿಯಾಗಿ ಬೆಂಗಳೂರಿಗೆ ಹೋಗಿಬರುವ ರೂಢಿಯಿರುವ ನಮ್ಮ ಜನರಿಗೆ ಇವು ಅರಿಯದ ದೂರವೇನಲ್ಲ.

ಹತ್ತಿರದ ಮಾದರಿಯೊಂದು ನಮ್ಮ ಕಣ್ಣೆದುರಿಗೇ ಇದೆ. ಹಿಂಚಕ್ರದ ಎರಡು ಮಗ್ಗುಲಿಗೆ ಎರಡು ಹೆಚ್ಚುವರಿ ಚಕ್ರಗಳನ್ನು ಜೋಡಿಸಿದ ಸ್ಕೂಟರುಗಳನ್ನು ನಾವು ದಿನವೂ ನೋಡುತ್ತೇವೆ. ಲೆಕ್ಕ ಹಾಕಿದರೆ ಅವು ನಾಲ್ಕು ಚಕ್ರದ ವಾಹನಗಳೇ. ಶಿಕ್ಷಕರು, ಕಚೇರಿ ನೌಕರರು, ಅಂಗಡಿಕಾರರು ಅವುಗಳಲ್ಲಿ ಓಡಾಡುತ್ತಾರೆ. 2019ರ ತಿದ್ದುಪಡಿಯ ತರುವಾಯ ಮೋಟಾರು ವಾಹನ ಕಾಯ್ದೆಯು ಇಂಥದ್ದನ್ನು ಮಾರ್ಪಡಿಸಿದ ವಾಹನವೆಂದು ಗುರುತಿಸುತ್ತದೆ; ಹಳೆಯ ಕಾಯ್ದೆಯ ಅಶಕ್ತರ ಗಾಡಿ ಎಂಬ ಅರ್ಥದ ಮಾತು ಹೋಯಿತು. (ಹೆಸರು ಬದಲಾದಷ್ಟು ಬೇಗ ಕಚೇರಿಗಳ ಮೆಟ್ಟಿಲು ಬದಲಾಗಲಿಲ್ಲ ಎಂಬುದು ಬೇರೆ ಮಾತು.) ಇದೇ ಉಪಾಯವನ್ನು ಮಕ್ಕಳ ಸೈಕಲ್ಲಿಗೂ ಬಳಸಬಹುದು. ಚಿಕ್ಕ ಮಕ್ಕಳ ಸೈಕಲ್ಲಿಗೆ ಬರುವ ತೆಳ್ಳನೆಯ ಪಕ್ಕದ ಚಕ್ರ ಹತ್ತು ವರ್ಷದ ಮಗುವಿನ ಭಾರಕ್ಕೆ ಬಾಗಿಹೋಗುತ್ತದೆ. ದಪ್ಪ ಕೊಳವೆಯ ಚೌಕಟ್ಟು, ಬೇರಿಂಗ್ ಇರುವ ಅಗಲ ಚಕ್ರ ಬೇಕು. ಹತ್ತಿ ಗಿರಣಿಗಳ ಯಂತ್ರಗಳನ್ನು ದುರಸ್ತಿ ಮಾಡುವ ಆದವಾನಿಯ ವೆಲ್ಡಿಂಗ್ ಕೆಲಸಗಾರರಿಗೆ ಇದು ಕಠಿಣವಲ್ಲ.

ಆದರೆ ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲು ಮೂಳೆತಜ್ಞರನ್ನೋ ಫಿಸಿಯೋಥೆರಪಿ ತಜ್ಞರನ್ನೋ ಕಾಣಲೇಬೇಕು. ಸೆರೆಬ್ರಲ್ ಪಾಲ್ಸಿಯಲ್ಲಿ ಸೊಂಟದ ಕೀಲು ಮೆಲ್ಲಮೆಲ್ಲನೆ ಜಾರುವುದುಂಟು. ಹೊರಗೆ ಕಾಣದ ಅದನ್ನು ಎಕ್ಸ್‌ರೇ ಹೇಳುತ್ತದೆ. ಫಿಟ್ಸ್ ಬರುವ ಮಗುವನ್ನು ಒಂಟಿಯಾಗಿ ಬಿಡಲಾಗದು. ಸ್ನಾಯುಕ್ಷಯವಿರುವ ಮಗುವಿಗೆ ಅತಿಯಾದ ಶ್ರಮವೇ ಕೇಡು. ಅಂಥ ಮಗುವಿಗೆ ಪೆಡಲಿಗಿಂತ ಗಾಲಿಕುರ್ಚಿ ಮೇಲು. ಪೆಡಲು ತುಳಿದರೆ ರೋಗ ವಾಸಿಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ. ಕಾಲಿನ ಬಲ ಮತ್ತು ಉಸಿರಿನ ತ್ರಾಣ ಕುಂದದಂತೆ ಅದು ನೆರವಾಗುತ್ತದೆ, ಅಷ್ಟೇ.

ಎಲ್ಲ ಮನೆಗೂ ಒಂದೊಂದು ಸೈಕಲ್ಲು ಎಂಬುದು ಇಂದಿಗೆ ಆಗದ ಮಾತು. ಬ್ರಿಟನ್ನಿನಲ್ಲಿ ವೀಲ್ಸ್ ಫಾರ್ ಆಲ್ ಎಂಬ ಹೆಸರಿನ ಕೇಂದ್ರಗಳಿವೆ. ಅಲ್ಲಿ ಬಗೆಬಗೆಯ ಸೈಕಲ್ಲುಗಳನ್ನು ಮೈದಾನದಲ್ಲಿಟ್ಟು, ಮಕ್ಕಳೂ ದೊಡ್ಡವರೂ ಬಂದು ಸರದಿಯಲ್ಲಿ ತುಳಿದು ಹೋಗುತ್ತಾರೆ. ನಮ್ಮಲ್ಲಿ ಮಂಡಲ ಕೇಂದ್ರಗಳಲ್ಲಿರುವ ಭವಿತ ಕೇಂದ್ರದಲ್ಲೋ ಪ್ರೌಢಶಾಲೆಯ ಆವರಣದಲ್ಲೋ ಒಂದು ಸೈಕಲ್ಲು ಇದ್ದರೂ ನಾಲ್ಕೈದು ಮಕ್ಕಳಿಗೆ ಬಳಕೆಯಾಗುತ್ತದೆ. ತಮಗೆ ಯಾವುದು ಒಗ್ಗುತ್ತದೆ ಎಂದು ಪಾಲಕರಿಗೂ ತಿಳಿಯುತ್ತದೆ.

ಸೈಕಲ್ಲಿಗೂ ಶಾಲೆಗೂ ಇರುವ ನಂಟನ್ನು ಸರ್ಕಾರಗಳು ಅರಿಯದವೇನಲ್ಲ. ಕರ್ನಾಟಕದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಿದರು. ನಮ್ಮ ರಾಜ್ಯದಲ್ಲಿಯೂ ‘ಬಡಿಕೊಸ್ತಾ’ ಹೆಸರಿನಲ್ಲಿ ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಕೊಟ್ಟರು. ಬಿಹಾರದ ಇಂಥ ಯೋಜನೆಯನ್ನು ಅಭ್ಯಸಿಸಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರು, ಸೈಕಲ್ಲಿನಿಂದ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತೆಂದು ಕಂಡುಕೊಂಡರು. ಎರಡು ಚಕ್ರದ ಮೇಲೆ ಕೂರಲಾರದ ಹುಡುಗಿಗೆ ಆ ಸೈಕಲ್ಲಿನಿಂದ ಏನೂ ಬಂದಂತಾಗಲಿಲ್ಲ.

ಕಾನೂನು ನಮ್ಮ ಪಾಲಿಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಅಂಗವೈಕಲ್ಯದ ಬಗೆಗಳನ್ನು ಏಳರಿಂದ 21ಕ್ಕೆ ಹಿಗ್ಗಿಸಿತು. ಸೆರೆಬ್ರಲ್ ಪಾಲ್ಸಿಯೂ ಸ್ನಾಯುಕ್ಷಯವೂ ಅದರಲ್ಲಿವೆ. ಶೇ. 40 ಮತ್ತು ಅದಕ್ಕೂ ಹೆಚ್ಚಿನ ವೈಕಲ್ಯವಿರುವ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕಗಳನ್ನೂ ಸೂಕ್ತ ಸಹಾಯಕ ಸಾಧನಗಳನ್ನೂ ಉಚಿತವಾಗಿ ಒದಗಿಸಬೇಕೆಂದು ಅದರ 17ನೆಯ ಸೆಕ್ಷನ್ ಹೇಳುತ್ತದೆ. ‘ಸೂಕ್ತ’ ಎಂಬ ಪದವನ್ನು ಪಾಲಕರು ಗಟ್ಟಿಯಾಗಿ ಹಿಡಿಯಬೇಕು. ಶಿಬಿರದಲ್ಲಿ ಕೈಬಂಡಿಯನ್ನು ಮುಂದೆ ತಂದಿಟ್ಟಾಗ, ಇದು ನನ್ನ ಮಗುವಿಗೆ ಸೂಕ್ತವೇ ಎಂದು ಕೇಳುವುದು ಉದ್ಧಟತನವಲ್ಲ. ಅಡಿಪ್ ಯೋಜನೆಯಲ್ಲಿ ಕುಟುಂಬದ ತಿಂಗಳ ಆದಾಯ 22,500 ರೂಪಾಯಿ ಮೀರದಿದ್ದರೆ ಪೂರ್ಣ ವೆಚ್ಚ, 30,000 ರೂಪಾಯಿವರೆಗೆ ಅರ್ಧ ವೆಚ್ಚ ಸಿಗುತ್ತದೆ. ಒಮ್ಮೆ ಸಾಧನ ಪಡೆದವರು ಮೂರು ವರ್ಷ ಕಾಯಬೇಕು. ಆದರೆ 12 ವರ್ಷದೊಳಗಿನ ಮಕ್ಕಳಿಗೆ ಈ ಗಡುವು ಒಂದೇ ವರ್ಷ, ಏಕೆಂದರೆ ಮಕ್ಕಳು ಬೆಳೆಯುತ್ತಾರೆ. ಇದು ಅನೇಕರಿಗೆ ತಿಳಿದಿಲ್ಲ. ಸಾಧನ ಪಡೆದರೆ ಪಿಂಚಣಿ ನಿಂತೀತೆಂಬ ಅಳುಕೂ ಬೇಡ. ವೈಕಲ್ಯದ ಪ್ರಮಾಣವನ್ನು ಅಳೆಯುವುದು ದೇಹದಲ್ಲಿ, ಮನೆಯಂಗಳದಲ್ಲಿ ನಿಂತ ಸೈಕಲ್ಲಿನಲ್ಲಲ್ಲ.

ಕನ್ನಡ ಮಾಧ್ಯಮದ ಪಾಲಕರಾದ ನಮಗೆ ಇಲ್ಲಿ ಇನ್ನೊಂದು ಎಳೆಯಿದೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಅಂದಿನಿಂದ ಮನೆಯ ಮಾತನ್ನು ಮಕ್ಕಳ ಓದಿನಲ್ಲಿ ಉಳಿಸಿಕೊಂಡು ಬಂದದ್ದು ಹೊಳಗುಂದ, ಕೌತಾಳ ಮೊದಲಾದೆಡೆಗಳ ಕನ್ನಡ ಶಾಲೆಗಳು. ನಡೆಯಬಲ್ಲ ಮಗು ಎರಡು ಊರು ದಾಟಿಯಾದರೂ ಕನ್ನಡ ಶಾಲೆಗೆ ಹೋದೀತು. ನಡೆಯಲಾರದ ಮಗುವಿಗೆ ಮನೆಯಿಂದ ಶಾಲೆಗಿರುವ ದೂರವೇ ಅದರ ಓದಿನ ಭಾಷೆಯನ್ನೂ ತೀರ್ಮಾನಿಸಿಬಿಡುತ್ತದೆ. ಭವಿತ ಕೇಂದ್ರಗಳ ವ್ಯವಹಾರ ಸಹಜವಾಗಿಯೇ ತೆಲುಗಿನಲ್ಲಿ. ತೆಲುಗು ನಮಗೆ ಪರಕೀಯವಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ ಎಲ್ಲರೂ ಆಡುವ ಮಾತೇ. ಆದರೆ ಸೆರೆಬ್ರಲ್ ಪಾಲ್ಸಿಯಲ್ಲಿ ನಾಲಿಗೆಯೂ ತೊಡರುತ್ತದೆ. ‘ಅವ್ವಾ, ನೀರು’ ಎಂಬೆರಡು ಪದಗಳನ್ನು ಹೊರಡಿಸಲು ಅರ್ಧ ನಿಮಿಷ ಹೆಣಗುವ ಮಗುವಿನ ತೊದಲನ್ನು ಅರಿಯಬಲ್ಲವರು ಅದೇ ಮಾತಿನಲ್ಲಿ ಬೆಳೆದವರು. ಅಂಥ ಮಗುವಿಗೆ ಇನ್ನೊಂದು ಭಾಷೆಯಲ್ಲಿ ಅಕ್ಷರಾರಂಭ ಮಾಡಿಸುವುದು ಇಮ್ಮಡಿ ಹೊರೆ.

ಪ್ರಾಥಮಿಕ ಹಂತದ ಓದಿಗೆ ಮಾತೃಭಾಷೆಯಲ್ಲಿ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ಸೇರಿದ ವಿಧಿ ಅದು. ವಿಕಲಚೇತನರ ಕಾಯ್ದೆಯ 31ನೆಯ ಸೆಕ್ಷನ್, 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ತನ್ನ ಆಯ್ಕೆಯಂತೆ ಉಚಿತವಾಗಿ ಓದುವ ಹಕ್ಕನ್ನು ಕೊಡುತ್ತದೆ. ಎರಡನ್ನೂ ಕೂಡಿಸಿ ಓದಿದರೆ, ಹತ್ತಿರದ ಕನ್ನಡ ಶಾಲೆಯಲ್ಲಿ ನಮ್ಮ ಮಗುವನ್ನು ಓದಿಸಿ ಎಂದು ಕೇಳಲು ಬೇರೆ ಆಧಾರ ಬೇಕಿಲ್ಲ. ಮನೆಯಾಧಾರಿತ ಶಿಕ್ಷಣ ಎಂಬುದು ತೀವ್ರ ವೈಕಲ್ಯವಿರುವ ಮಗುವಿನ ಕಡೆಯವರು ಆರಿಸಿಕೊಳ್ಳಬಹುದಾದ ದಾರಿ. 2012ರ ತಿದ್ದುಪಡಿ ಅದನ್ನು ಮಗುವಿನ ಹಕ್ಕಾಗಿ ಸೇರಿಸಿತು. ಮಗುವನ್ನು ಶಾಲೆಗೆ ಕರೆತರಬೇಡಿ ಎನ್ನಲು ಶಾಲೆಯವರಿಗೆ ಕೊಟ್ಟ ಅಧಿಕಾರವಲ್ಲ. ಹೊಳೆಯಾಚೆಯ ಬಳ್ಳಾರಿ, ರಾಯಚೂರುಗಳಲ್ಲಿ ನೆಂಟಸ್ತಿಕೆಯುಳ್ಳವರು ಇನ್ನೊಂದನ್ನು ತಿಳಿದಿರಬೇಕು. ಈ ಕಾಯ್ದೆಯಡಿ ಕೊಟ್ಟ ವೈಕಲ್ಯ ಪ್ರಮಾಣಪತ್ರ ದೇಶದಲ್ಲೆಲ್ಲ ಸಲ್ಲುತ್ತದೆ; ಪಿಂಚಣಿ ಮಾತ್ರ ವಾಸವಿರುವ ರಾಜ್ಯದ್ದು.

ಸೈಕಲ್ಲು ಬಂದರೂ ಶಾಲೆಯ ಜಗಲಿ ಉಳಿಯುತ್ತದೆ. ಒಂದಡಿ ಏರಲು ಹನ್ನೆರಡಡಿ ಉದ್ದದ ಇಳಿಜಾರು ಬೇಕೆಂಬುದು ಒಪ್ಪಿತ ಅಳತೆ. ಎರಡಡಿ ಎತ್ತರದ ಜಗಲಿಗೆ 24 ಅಡಿ. ಹಲವು ಶಾಲೆಗಳಲ್ಲಿ ಲೆಕ್ಕಕ್ಕೆಂದು ಕಟ್ಟಿದ, ಆರಡಿಯಲ್ಲಿ ಮುಗಿಯುವ ಕಡಿದಾದ ಇಳಿಜಾರಿನಲ್ಲಿ ದೊಡ್ಡವರೂ ಜಾರುತ್ತಾರೆ. ಶಾಲಾ ಸಮಿತಿಯ ಸಭೆಗೆ ಹೋಗುವ ಪಾಲಕರು ಒಂದು ಅಳತೆಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಮಾತು ಚಿಕ್ಕದಾಗುತ್ತದೆ.

ಅದೇ ಅಳತೆಪಟ್ಟಿ ಮನೆಯಲ್ಲಿಯೂ ಬೇಕು. ಮಗುವನ್ನು ಗಟ್ಟಿ ಮಣೆಯ ಮೇಲೆ ಕೂರಿಸಿ ಸೊಂಟದ ಅಗಲ, ಮೊಣಕಾಲಿನಿಂದ ಅಂಗಾಲಿನವರೆಗಿನ ಉದ್ದ, ಕುಳಿತ ನೆಲೆಯಿಂದ ಕಂಕುಳಿನವರೆಗಿನ ಎತ್ತರ, ಇಷ್ಟನ್ನು ಬರೆದುಕೊಳ್ಳಿ. ಮನೆಯ ತಲಬಾಗಿಲಿನ ಅಗಲವನ್ನೂ ಬರೆಯಿರಿ, ಏಕೆಂದರೆ ನಾಲ್ಕು ಚಕ್ರದ ಸೈಕಲ್ಲು ಬಾಗಿಲಿಗಿಂತ ಅಗಲವಾದರೆ ರಾತ್ರಿ ಬೀದಿಯಲ್ಲೇ ನಿಲ್ಲಬೇಕು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮೊದಲೇ ಈ ಚೀಟಿಯೊಡನೆ ಪ್ರಮಾಣಪತ್ರ, ಆಧಾರ್, ಆದಾಯಪತ್ರಗಳ ನಕಲನ್ನು ಮುಖ್ಯೋಪಾಧ್ಯಾಯರ ಮೂಲಕ ಮಂಡಲ ಶಿಕ್ಷಣ ಕಚೇರಿಗೆ ಒಪ್ಪಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮುಂದಿನ ಶಿಬಿರದ ದಿನ ಮಗುವನ್ನು ಕರೆದೊಯ್ಯುವಾಗ ಆ ಮುದ್ರೆಯಿರುವ ಕಾಗದವೂ ಕೈಯಲ್ಲಿರಲಿ.